ಮೂರು ಅಂತ ಬರ್ಕೋರಿ

ನೋವಿನಿಂದ ಒದ್ದಾಡುತ್ತಿದ್ದ ಒಬ್ಬ ಮನುಷ್ಯನಿಗೆ ನಾನು ಐದು ಗಂಟೆ ಕಾಲ ನೋವಿನ ಔಷಧಿ ಕೊಡಲಿಲ್ಲ. ಔಷಧಿ ನನ್ನ ಏಪ್ರನ್ನಿನ ಜೇಬಿನಲ್ಲೇ ಇತ್ತು. ಕೊಡುವ ಅಧಿಕಾರವೂ ಇತ್ತು. ಕೊಟ್ಟರೆ ನನ್ನ ಪ್ರಬಂಧದ ಒಂದು ಅಂಕಿ ಚಿಕ್ಕದಾಗುತ್ತಿತ್ತು — ಅದಕ್ಕೇ ಕೊಡಲಿಲ್ಲ. ಎಂಟು ದಿನಗಳ ಮೇಲೆ ಅವರ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು. ಯಾಕೆ ಹೀಗಾಯಿತು ಎಂದು ಕೇಳಿದವರೆದುರು ನಾನು ಸತ್ಯ ಹೇಳಲಿಲ್ಲ. ಇದಾಗಿ ಹನ್ನೊಂದು ವರ್ಷ.

ಅವರ ಹೆಸರು ಶರಣಪ್ಪ. ಕಲಬುರಗಿ ಜಿಲ್ಲೆಯವರು, ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಲಾರಿಯಿಂದ ಇಳಿಸುತ್ತಿದ್ದ ತಗಡಿನ ಕಟ್ಟು ಜಾರಿ ಕಾಲಿನ ಮೇಲೆ ಬಿದ್ದು, ಮೊಣಕಾಲಿನ ಸ್ವಲ್ಪ ಕೆಳಗೆ ಮೂಳೆ ಮುರಿದಿತ್ತು. ಅವರನ್ನು ತಂದದ್ದು ನವಿ ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಗೆ. ಅಲ್ಲಿ ನಾನು ಅರಿವಳಿಕೆ ವಿಭಾಗದಲ್ಲಿ — ಇಲ್ಲಿಯ ಜನ ಭೂಲ್ ಅನ್ನುತ್ತಾರೆ — ಎಂ.ಡಿ. ಕೊನೆಯ ವರ್ಷದಲ್ಲಿದ್ದೆ.

ನನ್ನ ವಿಷಯ ಹೀಗಿತ್ತು. ಸೊಂಟದಿಂದ ಕೆಳಗಿನ ಆಪರೇಷನ್ನುಗಳಿಗೆ ಬೆನ್ನುಹುರಿಯ ಸುತ್ತ ಇರುವ ನೀರಿಗೆ ತೆಳ್ಳನೆಯ ಸೂಜಿಯಿಂದ ಔಷಧಿ ಬಿಡುತ್ತೇವೆ. ಎರಡು ಮೂರು ಗಂಟೆ ಕಾಲುಗಳು ನಮ್ಮವೇ ಅಲ್ಲ ಅನ್ನಿಸುವಷ್ಟು ಮರಗಟ್ಟುತ್ತವೆ. ಆ ಔಷಧಿಗೆ ಇನ್ನೊಂದು ಔಷಧಿಯನ್ನು ಹನಿಯಷ್ಟು ಬೆರೆಸಿದರೆ ಜೋಮು ಹೆಚ್ಚು ಹೊತ್ತು ನಿಲ್ಲುತ್ತದೆ, ಆಪರೇಷನ್ನಿನ ನಂತರದ ನೋವು ತಡವಾಗಿ ಬರುತ್ತದೆ. ಒಳ್ಳೆಯ ವಿದ್ಯೆ ಅದು. ಇವತ್ತಿಗೂ ದಿನಾ ಬಳಸುತ್ತೇನೆ. ಕೆಲವರಿಗೆ ಬೆರೆಸಿ, ಕೆಲವರಿಗೆ ಬೆರೆಸದೆ, ಯಾರಿಗೆ ಎಷ್ಟು ಹೊತ್ತಿಗೆ ನೋವು ಬಂತು ಎಂದು ಬರೆದಿಟ್ಟುಕೊಳ್ಳುವುದು ನನ್ನ ಕೆಲಸವಾಗಿತ್ತು. ಯಾವ ಸಿರಿಂಜಿನಲ್ಲಿ ಏನಿದೆ ಎಂಬುದು ನನಗೆ ಗೊತ್ತಿರಬಾರದೆಂಬುದು ನಿಯಮ. ಗೊತ್ತಿತ್ತು. ವಿಭಾಗದಲ್ಲಿ ಕೈ ಕಡಿಮೆ, ಸಿರಿಂಜು ತುಂಬುತ್ತಿದ್ದವಳೂ ನಾನೇ.

ಆ ಹೊತ್ತಿಗೆ ನನ್ನ ಪಟ್ಟಿಗೆ ಇನ್ನೂ ನಾಲ್ಕು ಮಂದಿ ಬೇಕಿದ್ದರು, ಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿತ್ತು. ಮಾರ್ಗದರ್ಶಕ ಸರ್ ಹಾಳೆಗಳನ್ನು ತಿರುವಿಹಾಕಿ, ಇದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣುತ್ತಿಲ್ಲವಲ್ಲ, ಎಂದಿದ್ದರು. ಅಷ್ಟೇ ಅಂದದ್ದು. ಸುಳ್ಳು ಬರೆ ಎಂದು ಅವರು ಹೇಳಲಿಲ್ಲ — ಅವರ ಹೆಸರನ್ನು ಇದಕ್ಕೆ ಅಂಟಿಸುವ ಹಕ್ಕು ನನಗಿಲ್ಲ.

ಇನ್ನೊಂದು ಮಾತು ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಧಾರವಾಡದಿಂದ ಬ್ಯಾಂಕಿನ ನೌಕರಿಗೆ ಬಂದು ಇಲ್ಲೇ ಉಳಿದವರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಕಾಲೇಜಿನಲ್ಲಿ ನಾನು ಕನ್ನಡದವಳೆಂದು ಬಹಳ ಮಂದಿಗೆ ಗೊತ್ತೇ ಇರಲಿಲ್ಲ. ಗೊತ್ತಾಗದಂತೆ ನಾನೇ ನೋಡಿಕೊಂಡಿದ್ದೆ. ಅಮ್ಮ ಫೋನ್ ಮಾಡಿದರೆ ಹೊರಗೆ ಹೋಗಿ ಮಾತಾಡುತ್ತಿದ್ದೆ. ಆದರೆ ಪ್ರಬಂಧಕ್ಕೆ ಜನ ಸಿಗದೆ ಪರದಾಡುವಾಗ ಆ ಭಾಷೆ ಇದ್ದಕ್ಕಿದ್ದಂತೆ ಉಪಯೋಗಕ್ಕೆ ಬಂತು. ಕಲಬುರಗಿ, ರಾಯಚೂರು, ವಿಜಯಪುರದ ಕೂಲಿಗಳು ಆ ಆಸ್ಪತ್ರೆಗೆ ಬಹಳ ಬರುತ್ತಿದ್ದರು. ಕನ್ನಡದಲ್ಲಿ ನಾಲ್ಕು ಮಾತು ಆಡಿದರೆ ಅವರ ಮುಖ ಅರಳುತ್ತಿತ್ತು. ಒಪ್ಪಿಗೆ ಪತ್ರ ಇಂಗ್ಲಿಷು, ಹಿಂದಿ, ಮರಾಠಿಯಲ್ಲಿತ್ತು. ಏನು ಬರೆದಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಎಂದು ಮಾತ್ರ ಕೇಳುತ್ತಿದ್ದರು.

ಶರಣಪ್ಪನವರೂ ಹಾಗೇ. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅವರ ಮಂಚದ ಬಳಿ ಹೋದೆ. ಬೆನ್ನಿಗೆ ಕೊಡುವ ಔಷಧಿಯ ಜೊತೆ ಇನ್ನೊಂದಿಷ್ಟು ಔಷಧಿ ಹಾಕುತ್ತೇವೆ, ನೋವು ಬೇಗ ಬರುವುದಿಲ್ಲ, ನಿಮ್ಮಿಂದ ಮುಂದೆ ಬಹಳ ಜನಕ್ಕೆ ಉಪಯೋಗವಾಗುತ್ತದೆ ಎಂದೆ. ಬೇಡ ಅನ್ನಬಹುದು, ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವರು ಕೇಳಿದ್ದು ಒಂದೇ — ನಿಮ್ಮದು ಯಾವ ಊರು? ಧಾರವಾಡ ಎಂದೆ. ಅವರು ಹೆಂಡತಿಯ ಕಡೆ ತಿರುಗಿ, ನಮ್ಮ ಕಡೆಯವರೇ, ಇನ್ನು ಅಂಜಬೇಡ ಎಂದರು. ಹೆಂಡತಿಯ ಹೆಸರು ನಾಗಮ್ಮ. ಆಕೆಯ ಮಗ್ಗುಲಲ್ಲಿ ಒಂಬತ್ತು ವರ್ಷದ ಮಗಳು, ಸುಜಾತಾ. ಅಂದಿನಿಂದ ಅವರು ನನ್ನನ್ನು ಅಕ್ಕೋರ ಎಂದು ಕರೆದರು. ನಮ್ಮ ಕಡೆ ಶಾಲೆಯ ಮೇಷ್ಟರಮ್ಮನನ್ನು ಕರೆಯುವ ಮಾತು ಅದು.

ಬೆಳಿಗ್ಗೆ ಒಂಬತ್ತಕ್ಕೆ ಬೆನ್ನಿಗೆ ಸೂಜಿ ಚುಚ್ಚಿದೆ. ಒಂದೇ ಸಲಕ್ಕೆ ಸರಿಯಾಗಿ ಕೂತಿತು. ಬೆರೆಸಿದ ಔಷಧಿಯೇ ಅದು — ನಾನೇ ತುಂಬಿದ್ದು. ಆಪರೇಷನ್ ಚೆನ್ನಾಗಿಯೇ ಆಯಿತು. ಹನ್ನೆರಡರ ಹೊತ್ತಿಗೆ ವಾರ್ಡಿಗೆ ತಂದರು. ಆಮೇಲೆ ನಾನು ಅರ್ಧ ಗಂಟೆಗೊಮ್ಮೆ ಹೋಗಿ ಹತ್ತರಲ್ಲಿ ಎಷ್ಟು ನೋವು ಎಂದು ಕೇಳಿ ಬರೆದುಕೊಳ್ಳಬೇಕು. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ರೋಗಿ ನಾಲ್ಕು ಅಂದ ಕೂಡಲೇ ನೋವಿನ ಇಂಜೆಕ್ಷನ್ ಕೊಡಬೇಕು, ಗಡಿಯಾರ ನೋಡಿ ಹೊತ್ತು ಬರೆಯಬೇಕು. ಅಲ್ಲಿಗೆ ಅವನ ಲೆಕ್ಕ ಮುಗಿಯಿತು.

ಮೂರು ಗಂಟೆಗೆ ಹೋದಾಗ ಅವರ ಹಣೆಯ ಮೇಲೆ ಬೆವರಿತ್ತು. ಕಾಲಿಗೆ ಜೀವ ಬರುತ್ತಿದೆ, ಜೊತೆಗೆ ಬ್ಯಾನಿಯೂ ಬರುತ್ತಿದೆ ಎಂದರು. ಎಷ್ಟು ಎಂದು ಕೇಳಿದೆ. ಅವರು ಲೆಕ್ಕ ಹಾಕುವವರ ಹಾಗೆ ಸೂರು ನೋಡಿದರು. ಆಗ ನನ್ನ ಬಾಯಿಂದ ಬಂದ ಮಾತು — ಅದನ್ನು ಹನ್ನೊಂದು ವರ್ಷದಲ್ಲಿ ನಾನು ಎಷ್ಟು ಸಲ… ಇರಲಿ. ನಾನು ಅಂದದ್ದು ಇದು: “ಇಷ್ಟ್ ಲಗೂ ನಾಕು ಅಂದ್ರ ನನ್ನ ಲೆಕ್ಕ ಕೆಡ್ತದ, ಅಣ್ಣಾ.”

ನಗುತ್ತಲೇ ಅಂದೆ. ಸಲಿಗೆಯಿಂದ, ಮನೆಯ ಮಾತಿನಲ್ಲಿ ಅಂದೆ. ಅಣ್ಣಾ ಎಂದು ಆ ದಿನವೇ ಮೊದಲ ಸಲ ಕರೆದದ್ದು.

ಅವರು ನನ್ನ ಮುಖ ನೋಡಿದರು. “ನಾಕು ಅಂದ್ರ ನಿಮಗ ಪರೀಕ್ಷಾದಾಗ ತ್ರಾಸ ಆಗ್ತದೇನ್ರಿ, ಅಕ್ಕೋರ?”

ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಪೆನ್ನು ಹಿಡಿದು ನಿಂತಿದ್ದೆ.

“ಹಂಗಾದ್ರ ಮೂರು ಅಂತ ಬರ್ಕೋರಿ,” ಎಂದರು.

ಬರೆದುಕೊಂಡೆ.

ಮೂರೂವರೆಗೆ ಮೂರು. ನಾಲ್ಕಕ್ಕೆ ಮೂರು. ಐದಕ್ಕೆ ಹೋದಾಗ ನಾನು ಎಷ್ಟು ಎಂದು ಕೇಳಲೂ ಇಲ್ಲ — “ಇನ್ನೂ ಮೂರೇ ಅಲ್ಲ?” ಎಂದೆ. ಅವರು ತಲೆಯಾಡಿಸಿದರು. ಮಂಚದ ಕಬ್ಬಿಣದ ಪಟ್ಟಿಯನ್ನು ಹಿಡಿದಿದ್ದ ಕೈಯ ಗೆಣ್ಣುಗಳು ಬೆಳ್ಳಗಾಗಿದ್ದವು. ಅದನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಬರೆಯಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ… ನೋಡಿದೆ. ಹೊದಿಕೆ ಸರಿಸಿ ಕಾಲು ಎಷ್ಟು ಬಾತಿದೆ, ಬೆರಳು ಅಲ್ಲಾಡುತ್ತವೆಯೇ ಎಂದು ಮುಟ್ಟಿ ನೋಡಲಿಲ್ಲ. ಅದು ಮೂಳೆ ಡಾಕ್ಟರರ ಕೆಲಸ ಎಂದುಕೊಂಡೆ.

ಆರು ಗಂಟೆಗೆ ಮೂಳೆ ವಿಭಾಗದ ರಿಜಿಸ್ಟ್ರಾರ್ ಡಾಕ್ಟರ್ ರೌಂಡ್ಸಿಗೆ ಬಂದ. ಬೆಳಗಿನಿಂದ ಊಟ ಮಾಡದ ಮುಖ, ಮುಂದೆ ಇನ್ನೂ ಇಪ್ಪತ್ತು ಮಂಚ. ಶರಣಪ್ಪನವರ ಮಂಚದ ಬಳಿ ನನ್ನನ್ನು ನೋಡಿ ನೋವು ಹೇಗಿದೆ ಎಂದು ಕೇಳಿದ. ನಾನು ನನ್ನ ಹಾಳೆ ತೋರಿಸಿ ಮೂರು ಎಂದೆ. ಸರಿ ಎಂದು ಮುಂದಿನ ಮಂಚಕ್ಕೆ ಹೋದ. ಅವನು ಹೊದಿಕೆ ಎತ್ತಿ ನೋಡಬೇಕಿತ್ತು, ನಿಜ. ಆದರೆ ನೋವು ಮೂರೇ ಇರುವ ಕಾಲನ್ನು ಯಾರು ಅನುಮಾನಿಸುತ್ತಾರೆ?

ಮುರಿದ ಮೂಳೆಯ ಸುತ್ತ ಮಾಂಸಖಂಡ ಒಳಗೊಳಗೇ ಬಾತು, ಬಿಗಿದ ಚೀಲದೊಳಗಿನಂತೆ ರಕ್ತಕ್ಕೆ ದಾರಿಯಿಲ್ಲದೆ ಸಾಯತೊಡಗುವುದುಂಟು. ಅದಕ್ಕೆ ಮೊದಲ ಗುರುತು ನೋವು. ಸುಮ್ಮನೆ ನೋವಲ್ಲ, ಆ ಗಾಯಕ್ಕೆ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿನ ನೋವು. ಆಗ ಗುರುತಿಸಿ ಕೆಲವೇ ಗಂಟೆಯೊಳಗೆ ತೊಗಲು ಸೀಳಿ ಒತ್ತಡ ಬಿಡಿಸಿದರೆ ಕಾಲು ಉಳಿಯುತ್ತದೆ. ಬೆನ್ನಿನ ಔಷಧಿಗೆ ಏನಾದರೂ ಬೆರೆಸಿದಾಗ ಈ ಗುರುತು ಮುಚ್ಚಿಹೋಗಬಹುದು, ಎಚ್ಚರ ಹೆಚ್ಚು ಇರಬೇಕು ಎಂದು ನನ್ನ ಪ್ರಬಂಧದಲ್ಲಿ ನಾನೇ ಒಂದು ಪ್ಯಾರಾ ಬರೆದಿದ್ದೆ. ಆ ಮನುಷ್ಯನ ನೋವು ಮುಚ್ಚಿಹೋಗಿರಲಿಲ್ಲ. ಔಷಧಿಯನ್ನೂ ಮೀರಿ ಬಂದಿತ್ತು, ಕೂಗಿ ಹೇಳುತ್ತಿತ್ತು. ಮುಚ್ಚಿದ್ದು ನಾನು.

ಆರೂವರೆಗೆ ನಾಗಮ್ಮ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡರು. ಮಂಚದಲ್ಲಿ ಬಾಯಲ್ಲಿ ಟವೆಲ್ ಕಚ್ಚಿಕೊಂಡಿದ್ದಾರೆ, ಒಂದು ಸೂಜಿ ಹಾಕಿ ಯವ್ವಾ ಎಂದು ಬೇಡಿದರು. ಬೆನ್ನಿನ ಔಷಧಿ ಇಳಿಯುವಾಗ ಹಾಗೇ ಆಗುತ್ತದೆ, ಸ್ವಲ್ಪ ತಡೆದುಕೊಳ್ಳಬೇಕು ಎಂದೆ. ಆಕೆ ಕೈ ಬಿಟ್ಟರು. ಡಾಕ್ಟರು ಹೇಳಿದ ಮೇಲೆ ಮುಗಿಯಿತಲ್ಲ.

ಎಂಟು ಗಂಟೆಗೆ ನನ್ನ ಲೆಕ್ಕಕ್ಕೆ ಬೇಕಾದಷ್ಟು ಹೊತ್ತಾಯಿತು. ಹಾಳೆಯಲ್ಲಿ ನಾಲ್ಕು ಎಂದು ಬರೆದೆ, ಇಂಜೆಕ್ಷನ್ ಕೊಟ್ಟೆ. ನನ್ನ ಪಟ್ಟಿಯಲ್ಲೇ ಎಲ್ಲಕ್ಕಿಂತ ಉದ್ದದ ಹೊತ್ತು ಅವರದು. ಒಳ್ಳೆಯದಾಯಿತು ಅಕ್ಕೋರ ಎಂದು ಅವರು ಕೈ ಮುಗಿದರು. ನಾನು ಲೋಕಲ್ ಹಿಡಿದು ಡೊಂಬಿವಲಿಗೆ ಹೋಗಿ ಊಟ ಮಾಡಿ ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಹಾಸಿಗೆ ಬದಲಿಸಲು ಬಂದ ಸಿಸ್ಟರ್ ಹೊದಿಕೆ ಎತ್ತಿದಾಗ ಪಾದ ತಣ್ಣಗಿತ್ತು. ನಾನು ತಲುಪುವ ಹೊತ್ತಿಗೆ ಅವರನ್ನು ಮತ್ತೆ ಥಿಯೇಟರಿಗೆ ಒಯ್ದಿದ್ದರು. ಕಾಲು ಸೀಳಿ ನೋಡಿದರೆ ಮಾಂಸ ಕಪ್ಪಾಗಿತ್ತು. ಎಂಟು ದಿನ ಸತ್ತದ್ದನ್ನು ಕತ್ತರಿಸಿ ತೆಗೆದರು, ಕೀವಾಯಿತು, ಕೊನೆಗೆ ಕಾಲನ್ನೇ ತೆಗೆದರು.

ವಿಚಾರಣೆ ನಡೆಯಿತು. ಸೂಪರಿಂಟೆಂಡೆಂಟರ ಕೋಣೆಯಲ್ಲಿ ಮೂವರು ಹಿರಿಯರು ಕೂತಿದ್ದರು. ನನ್ನ ಹಾಳೆಯನ್ನು ಮೇಜಿನ ಮೇಲಿಟ್ಟು, ಮೂರರಿಂದ ಏಳೂವರೆವರೆಗೆ ನೋವು ಮೂರು ಎಂದಿದೆ, ರೋಗಿ ಹೇಳದಿದ್ದರೆ ನಾವೇನು ಮಾಡುವುದು ಎಂದು ಮೂಳೆ ವಿಭಾಗದವರು ವಾದಿಸಿದರು. ರೋಗಿಯನ್ನೇ ಕೇಳೋಣ ಎಂದು ಗಾಲಿಕುರ್ಚಿಯಲ್ಲಿ ಕರೆತಂದರು. ಅವರಿಗೆ ಬರುತ್ತಿದ್ದ ಹಿಂದಿ ಕೆಲಸದ ಹಿಂದಿ — ಉಠಾ, ರಖ್, ಆಗೇ ಲೇ. ಹೇಳಿಕೆ ಅವರ ಭಾಷೆಯಲ್ಲೇ ಆಗಲಿ, ಯಾರಿಗೆ ಕನ್ನಡ ಬರುತ್ತದೆ ಎಂದರು. ವಾರ್ಡಿನಲ್ಲಿ ನನ್ನ ಕನ್ನಡ ಕೇಳಿದ್ದ ವಿಭಾಗದವರೆಲ್ಲ ನನ್ನತ್ತ ನೋಡಿದರು.

ಆ ಸಂಜೆ ನೋವು ಜಾಸ್ತಿಯಾಗಿದೆಯೆಂದು ಯಾರಿಗಾದರೂ ಹೇಳಿದಿರಾ — ಇದು ಪ್ರಶ್ನೆ. ನಾನು ಕನ್ನಡದಲ್ಲಿ ಕೇಳಿದೆ. ಅವರು ನನ್ನನ್ನೇ ನೋಡಿದರು. ಕೋಪ ಇರಲಿಲ್ಲ. ನನ್ನನ್ನು ಯಾವುದೋ ತೊಂದರೆಯಿಂದ ಪಾರು ಮಾಡುವ ದಾರಿ ಹುಡುಕುತ್ತಿದ್ದ ಹಾಗಿತ್ತು.

“ನಾನೇ ಹೇಳ್ಲಿಲ್ಲ ಅಂತ ಹೇಳ್ರಿ,” ಎಂದರು. ಆಮೇಲೆ ದನಿ ತಗ್ಗಿಸಿ, “ನಿಮ್ಮ ಪರೀಕ್ಷಾ ಆಯ್ತೇನ್ರಿ?”

ಮೊದಲನೆಯದನ್ನು ಮರಾಠಿಗೆ ತಿರುಗಿಸಿದೆ. ಇನ್ನೂ ಏನೋ ಅಂದರಲ್ಲ ಎಂದು ಒಬ್ಬರು ಕೇಳಿದರು. ಮನೆಗೆ ಯಾವಾಗ ಕಳಿಸುತ್ತೀರಿ ಎಂದು ಕೇಳುತ್ತಿದ್ದಾರೆ, ಎಂದೆ.

ನಾಗಮ್ಮನನ್ನು ಯಾರೂ ಕರೆಸಲಿಲ್ಲ. ರೋಗಿ ಸಕಾಲಕ್ಕೆ ತಿಳಿಸಲಿಲ್ಲ ಎಂದು ಬರೆದು ಫೈಲು ಮುಚ್ಚಿದರು. ನಾನು ಪಾಸಾದೆ. ಪ್ರಬಂಧ ಒಂದು ಪತ್ರಿಕೆಯಲ್ಲಿ ಲೇಖನವಾಗಿಯೂ ಬಂತು.

ಆಮೇಲಿನ ವರ್ಷಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮದುವೆಯಾಯಿತು, ಠಾಣೆಗೆ ಬಂದೆ, ನೌಪಾಡಾದಿಂದ ಘೋಡಬಂದರ್ ರಸ್ತೆಯವರೆಗೆ ಐದಾರು ನರ್ಸಿಂಗ್ ಹೋಮುಗಳಿಗೆ ಹೋಗಿ ಅರಿವಳಿಕೆ ಕೊಡುತ್ತೇನೆ. ಕೈ ಒಳ್ಳೆಯದೆಂದು ಹೆಸರಿದೆ. ಶರಣಪ್ಪನವರನ್ನು ಮರೆತಿದ್ದೆ ಅನ್ನಲಾರೆ. ನೆನಪಾದಾಗ ಬೇರೆ ಏನಾದರೂ ಕೆಲಸ ಹಿಡಿಯುವುದನ್ನು ಕಲಿತಿದ್ದೆ.

ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಘೋಡಬಂದರ್ ರಸ್ತೆಯ ಒಂದು ನರ್ಸಿಂಗ್ ಹೋಮಿನಲ್ಲಿ ಹೊಸದಾಗಿ ಸೇರಿದ ಅರಿವಳಿಕೆ ವೈದ್ಯೆ ಸಿಕ್ಕಳು. ಒಳಗಿನ ಕೋಣೆಯಲ್ಲಿ ಮಂಡಿಯ ಆಪರೇಷನ್ ಆದ ಹೆಂಗಸೊಬ್ಬಳು ಅಳುತ್ತಿದ್ದಳು. ಯಾಕೆ ಏನೂ ಕೊಟ್ಟಿಲ್ಲ ಎಂದೆ. ಬೆರೆಸಿಯೇ ಕೊಟ್ಟಿದ್ದೇನೆ ಮೇಡಂ, ನಿಮ್ಮ ಲೇಖನದ ಪ್ರಕಾರ ಇನ್ನೂ ಎರಡು ಗಂಟೆ ನೋವು ಬರಬಾರದು, ಈಕೆಯದು ಸ್ವಲ್ಪ ನಾಟಕ ಜಾಸ್ತಿ, ಎಂದಳು. ಅವಳ ದನಿಯಲ್ಲಿ ನನ್ನ ಮೇಲೆ ಗೌರವವಿತ್ತು. ಟ್ರೇಯಿಂದ ಸಿರಿಂಜು ತೆಗೆದುಕೊಂಡು ಇಂಜೆಕ್ಷನ್ ನಾನೇ ಕೊಟ್ಟೆ. ಹೊರಗೆ ಬಂದು ಕಾರಿನಲ್ಲಿ ಕೂತೆ. ನಾನು ಬರೆದ ಅಂಕಿ ಒಬ್ಬರ ಕಾಲಿಗೇ ನಿಂತಿಲ್ಲ — ನನಗೆ ಗೊತ್ತಿಲ್ಲದ ಯಾವ ಯಾವ ಮಂಚಗಳ ಬಳಿ ಅದು…

ಶರಣಪ್ಪನವರ ಹಳೆಯ ನಂಬರು ಬಂದ್ ಆಗಿತ್ತು. ಕಳಂಬೋಲಿಯ ಪೇಟೆಗೆ ಹೋಗಿ ಕಲಬುರಗಿ ಹಮಾಲರ ಮುಖ್ಯಸ್ಥ ಮುಕಾದಮನನ್ನು ಹುಡುಕಿ ಕೇಳಿದೆ. ಅವರು ಅಲ್ಲೇ ಇದ್ದರು. ಒಂದು ಗೋದಾಮಿನಲ್ಲಿ ಗೋಣಿಯ ಮೇಲೆ ಕೂತು ಹಳೆಯ ನಟ್ಟು ಬೋಲ್ಟುಗಳನ್ನು ಅಳತೆ ನೋಡಿ ಬೇರೆ ಬೇರೆ ಮಾಡುವ ಕೆಲಸ. ಭಾನುವಾರ ಮನೆಗೆ ಹೋದೆ.

ನೋಡಿದ ಕೂಡಲೇ ಗುರುತು ಹಿಡಿದರು. ಬರ್ರಿ ಬರ್ರಿ ಅಕ್ಕೋರ ಎಂದು ಗೋಡೆ ಹಿಡಿದು ಏಳಲು ಹೋದರು. ಮಗಳನ್ನು ಕರೆದು, ಈ ಡಾಕ್ಟರ ಪರೀಕ್ಷೆಯಲ್ಲಿ ನಾನೂ ಇದ್ದೆ ಎಂದು ಹೆಮ್ಮೆಯಿಂದ ಹೇಳಿದರು. ಸುಜಾತಾ ಈಗ ಪನವೇಲಿನಲ್ಲಿ ಬಿ.ಕಾಂ. ಓದುತ್ತಾಳೆ. ಅಪ್ಪ ಆಡುವ ಕನ್ನಡ ಅವಳಿಗೆ ತಿಳಿಯುತ್ತದೆ, ತಾನು ಮಾತಾಡುವುದು ಮರಾಠಿ. ನಾಗಮ್ಮ ಒಲೆಯ ಬಳಿ ನಿಂತಿದ್ದರು, ಬಾ ಅನ್ನಲಿಲ್ಲ.

ಶರಣಪ್ಪ ಕೇಳಿದರು: “ಆ ಔಷಧಿ ಈಗ ಎಲ್ಲಾರಿಗೂ ಹಾಕ್ತಾರೇನ್ರಿ? ನಾ ಹಗಲೆಲ್ಲ ಇದೇ ಹೇಳ್ತೀನಿ — ನನ್ನ ಕಾಲು ಹೋಯ್ತು, ಖರೆ, ಮಂದೀದು ಬ್ಯಾನಿ ಕಡಿಮಿ ಆಯ್ತಲ್ಲ ಅಂತ.”

ಇದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. ಹೌದು, ಬಹಳ ಜನಕ್ಕೆ ಉಪಯೋಗವಾಗಿದೆ ಎಂದು ಹೇಳಿ ಎದ್ದುಬಿಡಬಹುದಿತ್ತು, ಅವರ ಪಾಲಿಗೆ ಅದು ಸಾಕಾಗಿತ್ತು. ನಿಜ ಹೇಳಿದರೆ ಅವರು ಹನ್ನೊಂದು ವರ್ಷ ಊರಿಕೊಂಡು ನಿಂತಿದ್ದ ಒಂದೇ ಸಮಾಧಾನವನ್ನೂ ಕಿತ್ತುಕೊಂಡಂತೆ. ಹೇಳದಿದ್ದರೆ — ಆಗ ನಾನು ಇನ್ನೊಮ್ಮೆ ಮೂರು ಎಂದು ಬರೆದುಕೊಂಡಂತೆ.

ಹೇಳಿದೆ. ಎಲ್ಲವನ್ನೂ, ಆದ ಹಾಗೇ. ಅವರ ಸುಳ್ಳು ಮೂರರಿಂದ ನನ್ನ ಲೆಕ್ಕವೇ ಸುಳ್ಳಾಯಿತು, ಅದರಿಂದ ಯಾರ ನೋವೂ ಕಡಿಮೆಯಾಗಲಿಲ್ಲ, ಕೆಲವರದು ಹೆಚ್ಚೇ ಆಗಿರಬಹುದು ಎಂದೆ. ಆ ದಿನದ ನೋವೇ ಕಾಲಿನ ಅಪಾಯದ ಗುರುತಾಗಿತ್ತು ಎಂದೆ.

ಅವರು ಕೇಳಿದರು: “ಅಂದ್ರ ಅವತ್ತು ನಾ ನಾಕು ಅಂದಿದ್ರ ಕಾಲು ಉಳೀತಿತ್ತೇನ್ರಿ?”

ಬಹುಶಃ ಎಂದು ಶುರು ಮಾಡಿದ್ದೆ. ನಿಲ್ಲಿಸಿ, ಹೌದು ಎಂದೆ.

“ನಾಕಲ್ಲ, ಒಂಬತ್ತಿತ್ತು,” ಎಂದರು. ನನಗಲ್ಲ, ನೆಲಕ್ಕೆ ಹೇಳಿದ ಹಾಗೆ. ಗೋಡೆಯ ಕಡೆ ತಿರುಗಿ ಕೂತರು.

ನಾಗಮ್ಮ ಒಲೆ ಆರಿಸಿ ಬಂದರು. “ನಾ ಅವತ್ತೇ ಅಂದಿದ್ದೆ, ಈಕಿಗೆ ಗೊತ್ತದ ಅಂತ. ಇವ್ರು ನನ್ನ ಬಾಯಿ ಮುಚ್ಚಿಸಿದ್ರು. ಅವತ್ತು ಆ ಸಾಹೇಬ್ರ ಮುಂದ ಹೇಳ್ಬೇಕಿತ್ತು ನೀವು. ಈಗ ನಮ್ಮ ಮುಂದ ಹೇಳಿ, ನಿಮ್ಮ ಎದಿ ಹಗುರ ಮಾಡ್ಕೊಂಡು ಹೋಗ್ತೀರಿ. ನಮಗೇನು ಬಂತು?”

ಕ್ಷಮಿಸಿ ಅನ್ನುವ ಮಾತು ಬಾಯಿಯವರೆಗೆ ಬಂದಿತ್ತು, ಅದನ್ನು ಆ ಮನೆಯಲ್ಲಿ ಇಟ್ಟು ಬರಲು ನಾಚಿಕೆಯಾಯಿತು.

ಸುಜಾತಾ ನನ್ನ ಹಿಂದೆ ಬೀದಿಯ ತಿರುವಿನವರೆಗೆ ಬಂದಳು. ಅಳುತ್ತಿರಲಿಲ್ಲ. ಒಳಗೆ ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಡುತ್ತೀರಾ ಎಂದು ಮರಾಠಿಯಲ್ಲಿ ಕೇಳಿದಳು. ಕೊಡುತ್ತೇನೆ ಎಂದೆ.

ಬರೆಯಲು ನಾಲ್ಕು ದಿನ ಹಿಡಿಯಿತು. ಕಾಲೇಜಿಗೆ, ವೈದ್ಯ ಪರಿಷತ್ತಿಗೆ, ಲೇಖನ ಅಚ್ಚಾದ ಪತ್ರಿಕೆಗೆ. ಗಂಡ ಓದಿ, ಲೈಸೆನ್ಸು ಹೋಗುತ್ತದೆ, ಒಂದು ಸಲ ವಕೀಲರನ್ನು ಕೇಳು ಎಂದ. ಕೇಳಲಿಲ್ಲ. ಹೇಗೋ ಸುದ್ದಿ ತಿಳಿದ ಹಳೆಯ ಮಾರ್ಗದರ್ಶಕ ಸರ್ ಫೋನ್ ಮಾಡಿ, ಮುಗಿದದ್ದನ್ನು ಕೆದಕಿ ಯಾರಿಗೆ ಲಾಭ ಎಂದರು. ಕಳಿಸುವ ಮುಂಚೆ ಸುಜಾತಾಳಿಗೆ ತೋರಿಸಬೇಕು ಅನ್ನಿಸಿತು. ಪನವೇಲಿನಲ್ಲಿ ಅವಳ ಕಾಲೇಜಿನ ಗೇಟಿನ ಬಳಿ ಮರಾಠಿಯ ಪ್ರತಿ ಕೊಟ್ಟೆ. ಅವಳು ನಿಂತುಕೊಂಡೇ ಮೂರೂ ಪುಟ ಓದಿದಳು, ಎರಡನೆಯ ಪುಟಕ್ಕೆ ಮರಳಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿ ನಾನು, ನನ್ನಿಂದ ತಪ್ಪಾಯಿತು ಎಂದು ಬರೆದಿದ್ದೆ.

“‘ಚೂಕ್ ಝಾಲೀ’ ನಕೋ,” ಎಂದಳು. “‘ಮೀ ಮುದ್ದಾಮ್ ಕೇಲಂ’ ಅಸಂ ಲಿಹಾ.”

ತಪ್ಪಾಯಿತು ಎಂಬುದು ಬೇಡ. ನಾನು ಬೇಕೆಂದೇ ಮಾಡಿದೆ ಎಂದು ಬರೆಯಿರಿ.

ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಆ ಸಾಲನ್ನು ಹೊಡೆದುಹಾಕಿದೆ. ಅವಳು ಹೇಳಿದ್ದನ್ನು ಮೇಲೆ ಬರೆದೆ, ಪಕ್ಕದಲ್ಲಿ ಸಹಿ ಹಾಕಿದೆ.